ಒಂದು ವಾಕ್ಯ ಹೋಗು ಎಂದಿತು, ಇನ್ನೊಂದು ಹೋಗಬೇಡ ಎಂದಿತು: ಸಭಾಪಾಲಕರೊಡನೆ ಪ್ರಶ್ನೋತ್ತರ

ಪ್ರಶ್ನೆ (ಸದಸ್ಯೆ, ಹುಬ್ಬಳ್ಳಿ):

ಅಯ್ಯನವರಿಗೆ ಕರ್ತನ ನಾಮದಲ್ಲಿ ವಂದನೆಗಳು. ನಾನು ಹನ್ನೊಂದು ವರ್ಷಗಳಿಂದ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಜರ್ಮನ್ ಭಾಷೆಯ ಬಿ2 ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಆ ದೇಶದ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಗುವ ಅವಕಾಶ ಬಂದಿದೆ. ಆದರೆ ಅವ್ವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ತಮ್ಮನಿಗೆ ಇನ್ನೂ ಕೆಲಸವಿಲ್ಲ. ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ನಾನು ತೆಗೆದ ವಾಗ್ದಾನದ ಕಾರ್ಡಿನಲ್ಲಿ (ವರ್ಷಕ್ಕೊಂದು ಸತ್ಯವೇದದ ವಾಕ್ಯ ಬರೆದ ಚೀಟಿ), ಸ್ವದೇಶವನ್ನೂ ಬಂಧುಬಳಗವನ್ನೂ ಬಿಟ್ಟು ಹೊರಡೆಂದು ದೇವರು ಅಬ್ರಾಮನಿಗೆ ಹೇಳಿದ ವಾಕ್ಯ (ಆದಿಕಾಂಡ 12:1) ಬಂದಿತ್ತು. ಕಳೆದ ವಾರ ಉಪವಾಸವಿದ್ದು ಪ್ರಾರ್ಥಿಸಿ, ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದಾಗ ಯೆರೆಮೀಯನ ಗ್ರಂಥದ 42ನೆಯ ಅಧ್ಯಾಯ ಸಿಕ್ಕಿತು. ಅಲ್ಲಿ ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬಾರದೆಂದು ಇದೆ. ಯಾವುದರ ಬಗ್ಗೆ ಮನಸ್ಸಿಗೆ ಸಮಾಧಾನ ಬರುತ್ತದೆಯೋ ಅದೇ ದೇವರ ಚಿತ್ತವೆಂದು ಸಭೆಯ ಹಿರಿಯರು ಹೇಳುತ್ತಾರೆ. ನನಗೆ ಹೋಗುವುದಕ್ಕೂ ಸಮಾಧಾನವಿಲ್ಲ, ಉಳಿಯುವುದಕ್ಕೂ ಇಲ್ಲ. ಇನ್ನೊಂದು ತಿಂಗಳಲ್ಲಿ ಉತ್ತರ ಕೊಡಬೇಕು. ದೇವರು ನನಗೆ ಏನು ಹೇಳುತ್ತಿದ್ದಾನೆ?

ಉತ್ತರ (ನಿವೃತ್ತ ಸಭಾಪಾಲಕರು):

ಸಹೋದರಿಯವರೇ, ನಿಮಗೂ ನಿಮ್ಮ ತಾಯಿಯವರಿಗೂ ವಂದನೆಗಳು. ನಿಮಗೆ ಸಿಕ್ಕ ಎರಡು ವಾಕ್ಯಗಳನ್ನು ಬದಿಗಿಡಬೇಡಿ. ಅವುಗಳ ಸುತ್ತ ಇರುವುದನ್ನೂ ಪೂರ್ತಿಯಾಗಿ ಓದೋಣ. ಕಾರ್ಡಿನಲ್ಲಿ ಒಂದೇ ಸಾಲು ಇರುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ.

ಆದಿಕಾಂಡದ ಅದೇ 12ನೆಯ ಅಧ್ಯಾಯದಲ್ಲಿ, ಹೊರಡೆಂಬ ಮಾತನ್ನು ಕೇಳಿ ಕಾನಾನಿಗೆ ಬಂದ ಅಬ್ರಾಮನು, ಅಲ್ಲಿ ಬರ ಬಿದ್ದಾಗ ಐಗುಪ್ತಕ್ಕೆ ಹೋದನೆಂದು ಹತ್ತನೆಯ ವಚನ ಹೇಳುತ್ತದೆ. ಆ ಪ್ರಯಾಣಕ್ಕೆ ದೇವರಿಂದ ಅಪ್ಪಣೆ ಬಂದದ್ದಾಗಲಿ, ಹೋಗಬೇಡವೆಂಬ ತಡೆ ಬಂದದ್ದಾಗಲಿ ಅಲ್ಲಿ ಬರೆದಿಲ್ಲ. ಹಸಿವಾಯಿತು, ಹೋದನು. ವಿಶ್ವಾಸಿಗಳ ತಂದೆ ಎನಿಸಿಕೊಂಡವನೂ ಪ್ರತಿಯೊಂದು ಹೆಜ್ಜೆಗೂ ಆಕಾಶವಾಣಿಯನ್ನು ಕಾಯಲಿಲ್ಲ.

ಯೆರೆಮೀಯನ 42ನೆಯ ಅಧ್ಯಾಯವಂತೂ ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು, ಆದರೆ ನೀವು ಓದಿದ ರೀತಿಯಲ್ಲಿ ಅಲ್ಲ. ಬಾಬೆಲಿನವರು ಯೆರೂಸಲೇಮನ್ನು ಕೆಡವಿದ ಮೇಲೆ ಅಳಿದುಳಿದ ಜನರು ಪ್ರವಾದಿಯ ಬಳಿಗೆ ಬಂದು, ನಾವು ಯಾವ ದಾರಿಯಲ್ಲಿ ಹೋಗಬೇಕೆಂದು ದೇವರನ್ನು ಕೇಳು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಆತನ ಮಾತಿನಂತೆ ನಡೆಯುತ್ತೇವೆ ಎಂದು ಪ್ರಮಾಣ ಮಾಡುತ್ತಾರೆ. ಉತ್ತರ ಬಂದದ್ದು ಹತ್ತು ದಿನಗಳಾದ ಮೇಲೆ (42:7). ಯೆರೆಮೀಯನಂಥ ಪ್ರವಾದಿಯೇ ಹತ್ತು ದಿನ ಕಾಯಬೇಕಾಯಿತು; ನಾವು ಪುಸ್ತಕ ತೆರೆದ ಕ್ಷಣದಲ್ಲೇ ಉತ್ತರ ಬೇಕೆನ್ನುತ್ತೇವೆ. ಉತ್ತರ ಬಂದಾಗ ಆ ಜನರು, ನೀನು ಸುಳ್ಳು ಹೇಳುತ್ತಿದ್ದೀ ಎಂದು ಅವನನ್ನೇ ಬೈದು ಐಗುಪ್ತಕ್ಕೆ ಹೊರಟುಬಿಟ್ಟರು, ಏಕೆಂದರೆ ಅವರು ಮೊದಲೇ ನಿರ್ಧರಿಸಿಕೊಂಡಿದ್ದರು. ಹಾಗಾದರೆ ಆ ಅಧ್ಯಾಯ ಹುಬ್ಬಳ್ಳಿಯ ಒಬ್ಬ ನರ್ಸ್ ಜರ್ಮನಿಗೆ ಹೋಗಬಹುದೇ ಎಂಬುದನ್ನು ಹೇಳುವುದಿಲ್ಲ. ನಿಜವಾಗಿಯೂ ಕೇಳುತ್ತಿದ್ದೀಯೋ, ಅಥವಾ ನಿರ್ಧರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಳ್ಳಲು ಬಂದಿದ್ದೀಯೋ ಎಂದು ಕೇಳುತ್ತದೆ. ಆ ಪ್ರಶ್ನೆಗೆ ನೀವು ಏಕಾಂತದಲ್ಲಿ ಉತ್ತರ ಕೊಟ್ಟುಕೊಳ್ಳಬೇಕು, ಎಲ್ಲರೂ ಓದುವ ಈ ಗುಂಪಿನಲ್ಲಿ ಅಲ್ಲ.

ಕಣ್ಣು ಮುಚ್ಚಿ ಪುಟ ತೆರೆಯುವ ಪದ್ಧತಿಗೆ ಸಂತ ಅಗಸ್ಟೀನನನ್ನು ಸಾಕ್ಷಿಯಾಗಿ ಕರೆಯುವವರಿದ್ದಾರೆ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅವನು ಪೌಲನ ಪತ್ರಗಳನ್ನು ತೆರೆದು, ಮೊದಲು ಕಣ್ಣಿಗೆ ಬಿದ್ದ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಮಾತುಗಳಿಂದ ಬದಲಾದದ್ದು ನಿಜ. ಆದರೆ ಅದಕ್ಕೆ ಮುಂಚೆ ಅವನು ಸುಮಾರು ಒಂಬತ್ತು ವರ್ಷ ಮಾನಿ ಎಂಬ ಪರ್ಷಿಯದ ಬೋಧಕನ ಪಂಥದಲ್ಲಿದ್ದು ನಿರಾಶನಾಗಿದ್ದನು, ಮಿಲಾನಿನ ಬಿಷಪ್ ಆಂಬ್ರೋಸನ ಪ್ರಸಂಗಗಳನ್ನು ಕೇಳಿದ್ದನು, ಗೆಳೆಯರೊಡನೆ ವಾದಿಸಿದ್ದನು, ತಾಯಿ ಮೋನಿಕಳ ಕಣ್ಣೀರನ್ನು ಕಂಡಿದ್ದನು. ಆ ಪುಟ ತೆರೆದುಕೊಂಡದ್ದು ವರ್ಷಗಟ್ಟಲೆ ಉತ್ತ ಹೊಲದ ಮೇಲೆ. ಮುಂದೆ ಬಿಷಪನಾದ ಮೇಲೆ ಅದೇ ಅಗಸ್ಟೀನನು, ಲೌಕಿಕ ವ್ಯವಹಾರಗಳಿಗಾಗಿ ಸುವಾರ್ತೆಯ ಪುಟಗಳಿಂದ ಶಕುನ ನೋಡುವುದು ತನಗೆ ಇಷ್ಟವಿಲ್ಲವೆಂದು ಪತ್ರವೊಂದರಲ್ಲಿ ಸ್ಪಷ್ಟವಾಗಿ ಬರೆದನು. ವಾಗ್ದಾನದ ಕಾರ್ಡನ್ನು ನಾನೂ ನನ್ನ ಸಭೆಗಳಲ್ಲಿ ಹಂಚಿದ್ದೇನೆ. ವರ್ಷವಿಡೀ ನೆನೆಯಲು ಒಂದು ವಾಕ್ಯವೆಂದು ಅದು ಒಳ್ಳೆಯದು. ವೀಸಾ ಅರ್ಜಿಗೆ ಉತ್ತರವೆಂದು ಅಲ್ಲ.

ಇನ್ನು ಸಮಾಧಾನದ ಮಾತು. ನಿಮ್ಮ ಹಿರಿಯರ ಸಲಹೆಯನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ದೇವರು ನಿನೆವೆಗೆ ಹೋಗೆಂದಾಗ ತಾರ್ಷೀಷಿಗೆ ಓಡಿಹೋಗುತ್ತಿದ್ದ ಯೋನನು ಹಡಗಿನ ಒಳಭಾಗದಲ್ಲಿ ಗಾಢ ನಿದ್ರೆಯಲ್ಲಿದ್ದನು. ತಂದೆಯ ಚಿತ್ತವನ್ನು ಪೂರ್ತಿಯಾಗಿ ಒಪ್ಪಿಕೊಂಡ ಯೇಸುವಾದರೋ ಗೆತ್ಸೇಮನೆಯಲ್ಲಿ ನಿದ್ರೆಯಿಲ್ಲದೆ, ಪ್ರಾಣಹೋಗುವಷ್ಟು ದುಃಖದಲ್ಲಿ ಪ್ರಾರ್ಥಿಸುತ್ತಿದ್ದನು. ಎದೆಯ ಹಗುರತನವೇ ದೇವರ ಒಪ್ಪಿಗೆಯಾಗಿದ್ದರೆ ಯೋನನು ಸರಿಯಾದ ದಾರಿಯಲ್ಲಿದ್ದನು ಎನ್ನಬೇಕಾಗುತ್ತದೆ. ಕ್ರಿಸ್ತನು ಶಿಷ್ಯರಿಗೆ ಶಾಂತಿಯನ್ನು ಕೊಡುತ್ತೇನೆಂದು ಹೇಳಿದ್ದು (ಯೋಹಾನ 14:27) ಹಿಡಿದುಕೊಡಲ್ಪಡುವ ಅದೇ ರಾತ್ರಿಯಲ್ಲಿ. ಗ್ರಹಿಕೆಗೆ ಮೀರಿದ ದೇವಶಾಂತಿಯ ಬಗ್ಗೆ ಪೌಲನು ಫಿಲಿಪ್ಪಿಯವರಿಗೆ ಬರೆದದ್ದು ಸೆರೆಮನೆಯಿಂದ. ಆ ಶಾಂತಿ ನಿರ್ಧಾರಕ್ಕೆ ಮೊದಲು ದೊರೆಯುವ ಪರವಾನಗಿಯಲ್ಲ. ಯಾವ ಕಡೆಗೆ ಹೋದರೂ ಕೈಬಿಡದವನೊಬ್ಬನಿದ್ದಾನೆ ಎಂಬ ಭರವಸೆ ಅದು, ಮತ್ತು ಅದು ಭಯದ ಪಕ್ಕದಲ್ಲಿಯೇ ಕುಳಿತಿರಬಲ್ಲದು.

ಆದ್ದರಿಂದ ನೀವು ಈ ವಾರ ಶಕುನಗಳನ್ನು ಬಿಟ್ಟು ಮನುಷ್ಯರೊಡನೆ ಮಾತನಾಡಿ. ನಿಮ್ಮ ಬರಹದಲ್ಲಿ ಒಂದು ಮಾತು ಇಲ್ಲವೇ ಇಲ್ಲ: ಅವ್ವ ಏನನ್ನುತ್ತಾರೆ? ಅವರನ್ನು ಕಾಯಿಲೆಯ ಕಾರಣಕ್ಕೆ ಮಾತಿನಿಂದ ಹೊರಗಿಟ್ಟಿದ್ದೀರಾ? ತಮ್ಮನು ಎಷ್ಟು ಜವಾಬ್ದಾರಿ ಹೊರುತ್ತಾನೆಂದು ನೇರವಾಗಿ ಕೇಳಿದ್ದೀರಾ? ಯೆರೂಸಲೇಮಿನ ಸಭೆಯು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ, ಪವಿತ್ರಾತ್ಮನಿಗೂ ನಮಗೂ ಸರಿಯೆಂದು ತೋರಿತು ಎಂದು ಬರೆಯುವುದು ಬಹಳ ವಿವಾದ ನಡೆದ ಮೇಲೆ. ಆತ್ಮನ ನಡೆಸುವಿಕೆಯೂ ಜನರ ಮಾತುಕತೆಯೂ ಅಲ್ಲಿ ಒಂದೇ ವಾಕ್ಯದಲ್ಲಿವೆ.

ಪ್ರತಿಕ್ರಿಯೆ (ಸದಸ್ಯರು, ಮಂಗಳೂರು):

ನಾನು ಕಥೋಲಿಕನು. ನಮ್ಮಲ್ಲಿ ಯೇಸುಸಭೆಯ (ಜೆಸ್ವಿಟರ) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲರ ವಿವೇಚನೆಯ ನಿಯಮಗಳನ್ನು ಧ್ಯಾನಕೂಟಗಳಲ್ಲಿ ಕಲಿಸುತ್ತಾರೆ. ಅಲ್ಲಿ ಆಂತರಿಕ ಸಾಂತ್ವನಕ್ಕೆ ಬೆಲೆಯಿದೆ. ಅಯ್ಯನವರು ಅದನ್ನು ಸಂಪೂರ್ಣವಾಗಿ ತಳ್ಳಿಹಾಕುತ್ತಿದ್ದೀರಾ?

ಉತ್ತರ:

ಇಲ್ಲ, ಮತ್ತು ನೀವು ನೆನಪಿಸಿದ್ದು ಒಳ್ಳೆಯದಾಯಿತು. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿಯ ಗುಂಡಿನಿಂದ ಕಾಲು ಮುರಿದುಕೊಂಡು ಮಲಗಿದ್ದ ಆ ಸೈನಿಕನು ಗಮನಿಸಿದ್ದು ಒಂದು ಸೂಕ್ಷ್ಮ ಸಂಗತಿಯನ್ನು. ಶೌರ್ಯದ ಮತ್ತು ರಾಜವಂಶದ ಹೆಣ್ಣಿನ ಕನಸುಗಳು ಕಾಣುವಾಗ ಸುಖಕೊಟ್ಟು ಆಮೇಲೆ ಅವನನ್ನು ಒಣಗಿಸಿಬಿಡುತ್ತಿದ್ದವು. ಸಂತರಂತೆ ಬದುಕುವ ಯೋಚನೆಗಳಿಂದ ಬಂದ ಸಂತೋಷ ಮಾತ್ರ ಆಮೇಲೆಯೂ ಉಳಿಯುತ್ತಿತ್ತು. ಅಂದರೆ ಅವನು ಬೆಲೆಕೊಟ್ಟದ್ದು ಆ ಕ್ಷಣದ ಭಾವನೆಗಲ್ಲ, ದಿನಗಳು ಕಳೆದ ಮೇಲೆ ಉಳಿಯುವ ಭಾವಕ್ಕೆ. ಜೊತೆಗೆ, ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂಬ ಅವನ ನಿಯಮವನ್ನು ಪ್ರೊಟೆಸ್ಟಂಟನಾದ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆಸ್ಪತ್ರೆಯಲ್ಲಿ ಸಲಹೆಗಾರನಾಗಿದ್ದ ವರ್ಷಗಳಲ್ಲಿ ನನಗೆ ಅದಕ್ಕಿಂತ ಉಪಯುಕ್ತವಾದ ಸಾಲು ಸಿಗಲಿಲ್ಲ. ಹುಬ್ಬಳ್ಳಿಯ ಸಹೋದರಿಯು ಒಂದು ವಾರ ಜರ್ಮನಿಗೆ ಹೊರಟವರಂತೆಯೂ, ಮತ್ತೊಂದು ವಾರ ಊರಿನಲ್ಲೇ ಉಳಿದವರಂತೆಯೂ ಮನಸ್ಸಿನಲ್ಲಿ ಬದುಕಿ, ಪ್ರತಿ ರಾತ್ರಿ ಎರಡು ಸಾಲು ಬರೆದಿಟ್ಟರೆ ಪ್ರಯೋಜನವಾದೀತು.

ಪ್ರಶ್ನೆ (ಸದಸ್ಯರು, ಉಡುಪಿ):

ಮೊಬೈಲಿನಲ್ಲಿ ದಿನಕ್ಕೊಬ್ಬರು ಪ್ರವಾದನೆ ಹೇಳುತ್ತಾರೆ. ಇವರಲ್ಲಿ ಸತ್ಯ ಯಾರದೆಂದು ತಿಳಿಯುವುದು ಹೇಗೆ?

ಉತ್ತರ:

ಬೆರೋಯ ಎಂಬ ಊರಿನವರು ಪೌಲನ ಮಾತನ್ನೇ ಶಾಸ್ತ್ರದೊಡನೆ ಹೋಲಿಸಿ ನೋಡಿದರು, ಅದಕ್ಕಾಗಿ ಅವರನ್ನು ಸದ್ಗುಣವುಳ್ಳವರೆಂದು ಹೊಗಳಲಾಗಿದೆ (ಅಪೊಸ್ತಲರ ಕೃತ್ಯಗಳು 17:11). ಪರೀಕ್ಷಿಸುವುದು ಅವಿಶ್ವಾಸವಲ್ಲ. ಹೇಳಿದ್ದು ನಡೆಯದಿದ್ದರೆ ಆ ಪ್ರವಾದಿಗೆ ಹೆದರಬೇಡ ಎಂದು ಧರ್ಮೋಪದೇಶಕಾಂಡ 18:22 ಹೇಳುತ್ತದೆ. ನನ್ನ ಅನುಭವದಿಂದ ಇನ್ನೊಂದು ಗುರುತನ್ನು ಸೇರಿಸುತ್ತೇನೆ: ಮಾತಿನ ಕೊನೆಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಬಂದರೆ, ಅಥವಾ ಔಷಧಿ ನಿಲ್ಲಿಸು ಎಂಬ ಆದೇಶ ಬಂದರೆ, ಮುಂದೆ ಕೇಳುವ ಅಗತ್ಯವಿಲ್ಲ.

ಪ್ರಶ್ನೆ (ಸದಸ್ಯರು, ಶಿವಮೊಗ್ಗ):

ನಾನು ಕ್ರೈಸ್ತನಲ್ಲ. ಮತ್ತಾಯನ ಸುವಾರ್ತೆಯ ಪರ್ವತಪ್ರಸಂಗವನ್ನು ಓದಿದಾಗ ಮನಸ್ಸಿಗೆ ಬಹಳ ಶಾಂತಿ ದೊರೆಯಿತು. ಆದರೆ ಯೇಸು ತಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆಂದು ಹೇಳುವ ಮಾತು (ಯೋಹಾನ 14:6) ನನಗೆ ಅಡ್ಡಬರುತ್ತದೆ. ಸತ್ಯವು ಒಬ್ಬ ವ್ಯಕ್ತಿ ಆಗುವುದು ಹೇಗೆ?

ಉತ್ತರ:

ಪರ್ವತಪ್ರಸಂಗ ಗಾಂಧೀಜಿಯವರ ಹೃದಯವನ್ನೂ ನೇರವಾಗಿ ಮುಟ್ಟಿತ್ತು. ನೀವು ಒಳ್ಳೆಯ ಸಂಗದಲ್ಲಿದ್ದೀರಿ. ನಿಮ್ಮ ಪ್ರಶ್ನೆಯನ್ನು ನಾನು ಮೆದುಗೊಳಿಸುವುದಿಲ್ಲ, ಏಕೆಂದರೆ ಆ ಮಾತಿನಲ್ಲಿ ನಾವು ಕ್ರೈಸ್ತರು ನಿಜವಾಗಿಯೂ ನಂಬಿಕೆಯಿಟ್ಟಿದ್ದೇವೆ.

ಸತ್ಯ ಎಂದಾಗ ನಮಗೆ ಇರುವುದು, ಶಾಶ್ವತವಾದದ್ದು ಎಂಬ ಅರ್ಥ ಮೊದಲು ಹೊಳೆಯುತ್ತದೆ. ಹೀಬ್ರೂ ಭಾಷೆಯಲ್ಲಿ ಸತ್ಯಕ್ಕೆ ಎಮೆತ್ ಎಂಬ ಪದವಿದೆ. ಪ್ರಾರ್ಥನೆಯ ಕೊನೆಯಲ್ಲಿ ನಾವು ಹೇಳುವ ಆಮೆನ್ ಹುಟ್ಟಿದ್ದೂ ಅದೇ ಮೂಲದಿಂದ. ಗಟ್ಟಿಯಾಗಿರುವುದು, ಭಾರ ಹಾಕಿದರೆ ಕುಸಿಯದಿರುವುದು ಎಂಬುದು ಆ ಮೂಲದ ಅರ್ಥ. ಆ ಅರ್ಥದಲ್ಲಿ ಸತ್ಯ ಒಂದು ವಾಕ್ಯಕ್ಕಿಂತ ಹೆಚ್ಚಾಗಿ ಒಬ್ಬ ಮನುಷ್ಯನಿಗೆ ಹೊಂದುತ್ತದೆ. ನಮ್ಮ ಹಳ್ಳಿಗಳಲ್ಲಿಯೂ ಅವನು ಸತ್ಯವಂತ ಎಂದರೆ ಮಾತಿಗೆ ತಪ್ಪದವನು ಎಂದೇ ತಾನೇ? ಯೇಸು ಆ ಮಾತನ್ನು ಹೇಳಿದ್ದು ಪರಮತದವರೊಡನೆ ನಡೆದ ವಾದದಲ್ಲಿ ಅಲ್ಲ. ನೀನು ಎಲ್ಲಿಗೆ ಹೋಗುತ್ತೀಯೋ ತಿಳಿಯದು, ದಾರಿ ನಮಗೆ ಹೇಗೆ ಗೊತ್ತಾದೀತು ಎಂದು ಕಂಗಾಲಾಗಿ ಕೇಳಿದ ತೋಮನಿಗೆ ಕೊಟ್ಟ ಉತ್ತರ ಅದು. ಕೆಲವು ಗಂಟೆಗಳ ನಂತರ ಯೇಸುವಿನ ವಿಚಾರಣೆ ನಡೆಸುತ್ತಾ ಸತ್ಯವೆಂದರೇನು ಎಂದು ಕೇಳಿದ ರೋಮನ್ ಅಧಿಪತಿ ಪಿಲಾತನು, ಸತ್ಯವಂತನನ್ನು ಎದುರಿಗೆ ನಿಲ್ಲಿಸಿಕೊಂಡು, ಉತ್ತರಕ್ಕೆ ಕಾಯದೆ ಹೊರಗೆ ಹೋದನು.

ನೀವು ಕಾಯಿರಿ, ಅವಸರವಿಲ್ಲ. ಮಾರ್ಕನ ಸುವಾರ್ತೆ ಹದಿನಾರೇ ಅಧ್ಯಾಯಗಳದ್ದು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಮನೆಯವರಿಂದ ಬಚ್ಚಿಟ್ಟು ಓದಬೇಡಿ. ನಿಮ್ಮನ್ನು ಯಾರಾದರೂ ಆಮಿಷದಿಂದಲೋ ಹೆದರಿಕೆಯಿಂದಲೋ ನಂಬಿಕೆಗೆ ಎಳೆಯಲು ಬಂದರೆ ಅವರಿಂದ ದೂರವಿರಿ. ಅವರು ಓದಿದ ಪುಸ್ತಕ ಇದಲ್ಲ.

ಪ್ರಶ್ನೆ (ಹೆಸರು ಬೇಡವೆಂದ ಸದಸ್ಯರು):

ಎರಡು ತಿಂಗಳಿಂದ ನಿದ್ರೆಯಿಲ್ಲ. ಪ್ರಾರ್ಥಿಸಲು ಕುಳಿತರೆ ಮಾತೇ ಬರುವುದಿಲ್ಲ. ಬದುಕು ಸಾಕೆನಿಸುತ್ತದೆ. ನನ್ನ ವಿಶ್ವಾಸ ಕಡಿಮೆಯಾಗಿದೆ ಎಂದು ಮನೆಯಲ್ಲಿ ಹೇಳುತ್ತಾರೆ.

ಉತ್ತರ:

ತಮ್ಮಾ, ನಿಮಗೆ ನಾನು ಈಗಾಗಲೇ ಪ್ರತ್ಯೇಕವಾಗಿ ಸಂದೇಶ ಕಳುಹಿಸಿದ್ದೇನೆ, ದಯವಿಟ್ಟು ನೋಡಿ. ಇಂದು ರಾತ್ರಿಯೇ 14416ಕ್ಕೆ ಕರೆಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಹಗಲೂ ರಾತ್ರಿಯೂ ಉಚಿತವಾಗಿ ಕನ್ನಡದಲ್ಲಿ ಮಾತನಾಡುತ್ತಾರೆ. ನಾಳೆ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಮನೋವೈದ್ಯರನ್ನು ಕಾಣಿರಿ.

ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಪ್ರವಾದಿ ಎಲೀಯನು ಜಾಲಿಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ (1 ಅರಸು 19) ದೇವರು ಅವನ ವಿಶ್ವಾಸವನ್ನು ಪ್ರಶ್ನಿಸಲಿಲ್ಲ. ದೂತನು ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟನು, ಮತ್ತೆ ಮಲಗಲು ಬಿಟ್ಟನು, ಎರಡನೆಯ ಸಲ ಎಬ್ಬಿಸಿ ಉಣಿಸಿದನು. ಹೋರೇಬ್ ಬೆಟ್ಟದಲ್ಲಿ ದೇವರ ಮೆಲ್ಲನೆಯ ಸ್ವರ ಕೇಳಿಸಿದ್ದು ಅದಾದ ಬಹಳ ದಿನಗಳ ಮೇಲೆ. ಮಾತು ಬಾರದಿದ್ದರೆ 88ನೆಯ ಕೀರ್ತನೆಯನ್ನು ಓದಿ. ಅದು ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದ ಅದನ್ನು ಪ್ರಾರ್ಥನೆಯೆಂದೇ ಇಟ್ಟುಕೊಂಡಿದೆ. ಅದನ್ನೂ ಓದಲಾಗದಿದ್ದರೆ ಬಿಡಿ, ನಿಮ್ಮ ಬದಲು ನಾವು ಓದುತ್ತೇವೆ. ಫೋನ್ ಮಾತ್ರ ಬಿಡಬೇಡಿ.

ಮರುಪ್ರಶ್ನೆ (ಸದಸ್ಯೆ, ಹುಬ್ಬಳ್ಳಿ, ಒಂಬತ್ತು ದಿನಗಳ ನಂತರ):

ಅಯ್ಯನವರೇ, ಅವ್ವನನ್ನು ಕೇಳಿದೆ. ನೀನು ನನ್ನ ಹಾಸಿಗೆಯ ಪಕ್ಕದಲ್ಲಿ ಕುಳಿತು ಸಿಡಿಮಿಡಿಗೊಳ್ಳುವುದಕ್ಕಿಂತ ಹೋಗಿ ಬಾ, ಆದರೆ ತಮ್ಮ ಡಯಾಲಿಸಿಸ್‌ಗೆ ಕರೆದೊಯ್ಯುವುದನ್ನು ಒಂದು ತಿಂಗಳು ನಿನ್ನ ಕಣ್ಣೆದುರು ಮಾಡಿ ತೋರಿಸಲಿ ಎಂದರು. ಅಲ್ಲಿಯವರು ಎರಡು ತಿಂಗಳು ಸಮಯ ಕೊಡಲು ಒಪ್ಪಿದ್ದಾರೆ. ಹೆದರಿಕೆ ಇನ್ನೂ ಇದೆ. ಈಗ ಏಜೆಂಟರು ಮುಂಗಡವಾಗಿ ಎರಡೂವರೆ ಲಕ್ಷ ಕೇಳುತ್ತಿದ್ದಾರೆ, ರಸೀದಿ ಕೊಡುವುದಿಲ್ಲವಂತೆ. ಇದಕ್ಕಾಗಿ ಪ್ರಾರ್ಥಿಸಬೇಕೇ?

ಉತ್ತರ:

ಹಣವನ್ನು ಕೊಡಬೇಡಿ. ಇದಕ್ಕೆ ಉಪವಾಸದ ಅಗತ್ಯವಿಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ, ಮೊದಲು ಅದರಲ್ಲಿ ಇವರ ಹೆಸರು ಇದೆಯೇ ನೋಡಿ. ನೋಂದಾಯಿತರಾಗಿದ್ದರೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕವನ್ನು ಅವರು ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಲೇಬೇಕು. ಕರಾರುಪತ್ರದ ಪ್ರತಿಯನ್ನು ವೃದ್ಧಾಶ್ರಮದವರಿಗೇ ನೇರವಾಗಿ ಇಮೇಲ್ ಮಾಡಿ, ಇದು ನಿಮ್ಮದೇ ಹೌದೇ ಎಂದು ಜರ್ಮನ್ ಭಾಷೆಯಲ್ಲಿ ಕೇಳಿ. ಬಿ2 ಓದಿದ್ದು ಇಲ್ಲಿಂದಲೇ ಉಪಯೋಗಕ್ಕೆ ಬರಲಿ. ಅವ್ವನ ಷರತ್ತು ನನಗೆ ಬಹಳ ಹಿಡಿಸಿತು. ತಮ್ಮನ ಒಂದು ತಿಂಗಳು ಮುಗಿದ ಮೇಲೆ ಬರೆಯಿರಿ.