ಸಹಿ ಇದೆ, ಸೀಲ್ ಎಲ್ಲಿ?

ಶೆಟ್ಟರಿಗೆ ಕರ್ಜತ್ ಕಡೆ ಒಂದು ತುಂಡು ಹೊಲ ಕೊಳ್ಳುವ ಆಸೆ. ಮಹಾರಾಷ್ಟ್ರದಲ್ಲಿ ರೈತನಲ್ಲದವನಿಗೆ ಸುಮ್ನೆ ಹೊಲ ಸಿಗುವುದಿಲ್ಲ. ಅದಕ್ಕೇ ತಾನು ರೈತ ಅಂತ ತೋರಿಸಲು ಕಾರ್ಕಳದ ಜಮೀನಿನ ಆರ್‌ಟಿಸಿಯನ್ನು, ಅಂದರೆ ಪಹಣಿಯನ್ನು, ಮೊಬೈಲಿನಲ್ಲೇ ಇಳಿಸಿಕೊಂಡು, ಕಲರ್ ಪ್ರಿಂಟ್ ತೆಗೆಸಿ, ಒಂದು ಕಚೇರಿಗೆ ಒಯ್ದಿದ್ದರು. ಮುಂಬಯಿಯ ಡೊಂಬಿವಲಿ ಲೋಕಲ್ ರೈಲು ದಾದರ್ ಬಿಡುವ ಹೊತ್ತಿಗೆ ನಮಗೆಲ್ಲ ಕಥೆ ಶುರುವಾಗಿತ್ತು.

"ಸಹಿ ಎಲ್ಲಿ ಅಂದ ಗುಮಾಸ್ತ. ಡಿಜಿಟಲ್ ಸಹಿ ಇದೆಯಲ್ಲ ಅಂದೆ. ಅದು ಸರಿ, ಸಹಿ ಎಲ್ಲಿ ಅಂದ!"

ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತ ಕುಲಕರ್ಣಿಯವರ ಅರ್ಧ ದೇಹ ಗಾಳಿಯಲ್ಲಿತ್ತು. ಬಾಯಿ ಮಾತ್ರ ಪೂರ್ತಿ ಒಳಗಿತ್ತು.

"ಐಟಿ ಕಾಯ್ದೆ ಬಂದಿದ್ದು 2000ದಲ್ಲಿ. ಅದೇ ಸುಮಾರಿಗೆ ಕರ್ನಾಟಕದವರು ಭೂಮಿ ಯೋಜನೆ ಅಂತ ಹತ್ತಿರ ಹತ್ತಿರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿಸಿದ್ರು. ಆಗ 15 ರೂಪಾಯಿ ಕೊಟ್ರೆ ಕೌಂಟರಿನಲ್ಲೇ ಕೈಗೆ ಬರ್ತಿತ್ತು. ಈ ಕಡೆಯ ಪಹಣಿ, ಸಾತ್‌ಬಾರಾನೂ ಈಗ ಡಿಜಿಟಲ್ ಸಹಿಯಲ್ಲೇ ಬರುತ್ತೆ. ಸಹಿ, ಶಿಕ್ಕಾ ಬೇಡ ಅಂತ ಅದರ ಮೇಲೇ ಅಚ್ಚಾಗಿರುತ್ತೆ. ಆ ಸಾಲಿನ ಮೇಲೇ ಸೀಲ್ ಹೊಡಿಸ್ಕೊಂಡು ಬನ್ನಿ ಅಂತಾರೆ!"

"ಹೊಡೀಬೇಕು ಕಣ್ರೀ," ಅಂದರು ರಾಯರು. ಬ್ಯಾಂಕಿನಲ್ಲಿ ಸೀಲ್ ಹೊಡೆಯುತ್ತಲೇ ತಲೆ ನೆರೆಸಿದವರು. "ದುಂಡು ಸೀಲ್ ಇದ್ರೆ ಕಾಗದಕ್ಕೆ ಒಂದು ಕಳೆ. ನೇರಳೆ ಶಾಯಿ, ಸ್ವಲ್ಪ ವಾರೆಯಾಗಿ ಬಿದ್ದಿರಬೇಕು. ನೆಟ್ಟಗೆ ಬಿದ್ರೆ ನಂಗೆ ಅನುಮಾನ."

ಸಂತೋಷ ಕಿವಿಯಿಂದ ಇಯರ್‌ಫೋನ್ ತೆಗೆದ. ಐಟಿ ಹುಡುಗ, ಇಂಥ ಮಾತು ಕೇಳಿ ಸುಮ್ಮನಿರಲಾರ. "ಅಂಕಲ್, ಡಿಜಿಟಲ್ ಸಹಿ ಇರೋದು ಫೈಲಿನಲ್ಲಿ. ಒಂದು ಅಕ್ಷರ ತಿದ್ದಿದ್ರೂ ಗೊತ್ತಾಗುತ್ತೆ. ಪ್ರಿಂಟ್ ತೆಗೆದ್ರೆ ಅದು ಬರೀ ಕಾಗದ. ಅದರ ಮೇಲಿನ ನಂಬರನ್ನ ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಬೇಕು."

"ತಾಳೆ ನೋಡೋಕೆ ಒಂದು ನಿಮಿಷ. ಸೀಲ್ ಕೇಳೋಕೆ ಅರ್ಧ ನಿಮಿಷ," ಅಂದರು ಕುಲಕರ್ಣಿ.

"ಫೈಲನ್ನೂ ತೋರಿಸಿದೆ ಮಾರಾಯ್ರೆ," ಶೆಟ್ಟರಿಗೆ ಉರಿ ಆರಿರಲಿಲ್ಲ. "ಅವನ ಕಂಪ್ಯೂಟರಿನಲ್ಲಿ ಸಹಿಯ ಮೇಲೆ ಹಳದಿ ಪ್ರಶ್ನೆ ಗುರುತು ಬಂತು!"

"ಸರ್ಟಿಫಿಕೇಟ್ ಕೊಟ್ಟವರ ಗುರುತು ಆ ಕಂಪ್ಯೂಟರಿಗಿಲ್ಲ, ಅಷ್ಟೇ. ನಂಬಿದ್ದೀನಿ ಅಂತ ಒಂದು ಸಲ ಒತ್ತಿದ್ರೆ ಹಸಿರು ಗುರುತು ಬರುತ್ತೆ."

"ನೋಡಿ, ಸಹಿ ಸರ್ಕಾರದ್ದು, ನಂಬಿಕೆ ಮಾತ್ರ ನಾವೇ ಒತ್ತಬೇಕು!" ಕುಲಕರ್ಣಿ ತೊಡೆ ತಟ್ಟಿದರು, ತಟ್ಟಿದ್ದು ಪಕ್ಕದವನ ತೊಡೆ. "ನಮ್ಮಜ್ಜ ಮರಾಠಿಯ ಹಳೇ ಮೋಡಿ ಲಿಪಿಯಲ್ಲಿ ಬರೆದ ಜಮೀನಿನ ಉತಾರ ಇಡೀ ಊರಿನಲ್ಲಿ ಅವರೊಬ್ಬರಿಗೇ ಓದೋಕೆ ಬರ್ತಿತ್ತು. ಅದಕ್ಕಿಂತ ಭದ್ರವಾದ ಪಾಸ್‌ವರ್ಡ್ ಇವತ್ತಿಗೂ ಬಂದಿಲ್ಲ."

ಮುಂಬಯಿ ಸರ್ಕಾರ 1950ರಲ್ಲೇ ಕಾಯ್ದೆ ಮಾಡಿ, ಊರ ಲೆಕ್ಕ ಬರೆಯುವ ವಂಶಪಾರಂಪರ್ಯದ ಕುಲಕರ್ಣಿ ವತನ ತೆಗೆದುಹಾಕಿತು. ಇವರ ಮನೆಯಲ್ಲಿ ಆ ದುಃಖ ಇನ್ನೂ ಜಾರಿಯಲ್ಲಿದೆ.

"ಏನೇ ಹೇಳಿ, ಉಯಿಲಿಗೆ ಮಾತ್ರ ಎಲೆಕ್ಟ್ರಾನಿಕ್ ಸಹಿ ನಡೆಯೋಲ್ಲ," ಅಂದರು ರಾಯರು, ತುರುಪಿನ ಎಲೆ ಇಳಿಸಿದವರಂತೆ. "ನಿಮ್ಮ ಐಟಿ ಕಾಯ್ದೇನೇ ಅದನ್ನ ಹೊರಗಿಟ್ಟಿದೆ."

"ಸರಿ ಬಿಡಿ. ಬದುಕಿರೋವರೆಗೆ ಬೆರಳು ಸಾಕು, ಹೋಗೋವಾಗ ಪೆನ್ನು ಬೇಕು. ಶೆಟ್ಟರೇ, ನಿಮ್ಮ ತಂದೆ ಉಯಿಲು ಬರೆದಿದ್ರಾ?"

"ಇಲ್ಲ."

ಕುಲಕರ್ಣಿ ಆ ಕಾಗದ ಇಸಕೊಂಡು ಕಣ್ಣಿನ ಹತ್ತಿರ ಹಿಡಿದರು. "ಒಂಬತ್ತನೇ ಕಾಲಮ್ಮಿನಲ್ಲಿ ಇರೋದು ಯಾರ ಹೆಸರು?"

"ಅಪ್ಪನದು."

"ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲ!"

"ಆಯ್ತು."

"ಅಯ್ಯೋ ಪುಣ್ಯಾತ್ಮರೇ! ಆ ಗುಮಾಸ್ತ ಸೀಲ್ ಹುಡುಕುತ್ತಾ ಹೆಸರು ನೋಡಲೇ ಇಲ್ಲ. ನೋಡಿದ್ರೆ ರೈತರು ನೀವಲ್ಲ, ನಿಮ್ಮ ತಂದೆ, ಅವರನ್ನೇ ಕಳಿಸಿ ಅಂತಿದ್ದ. ಪ್ರಿಂಟ್ ತೆಗೆದು ಸಹಿ ಸತ್ತಿದೆ, ಖಾತೆದಾರರೂ ಇಲ್ಲ. ಬದುಕಿರೋದು ಸರ್ವೆ ನಂಬರ್ ಒಂದೇ."

ಎಲ್ಲರೂ ನಕ್ಕರು. ಶೆಟ್ಟರೂ ನಕ್ಕರು, ಆದರೆ ಬೇಗ ಮುಗಿಸಿದರು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಯಾಕೆ ಮಾಡಿಸಿಲ್ಲ ಅಂತ ಸಂತೋಷ ಕೇಳಿಯೇಬಿಟ್ಟ. ಈ ಕಾಲದ ಹುಡುಗರು.

"ತಮ್ಮ ಒಪ್ಪಬೇಕು. ಅವನು ಮಾತು ಬಿಟ್ಟಿದ್ದಾನೆ. ಈ ಜಾಗದ ವಿಷಯಕ್ಕೇ." ಸ್ವಲ್ಪ ತಡೆದು ಅಂದರು: "ಇನ್ನೊಂದು ಏನು ಅಂದ್ರೆ, ಊರಲ್ಲಿ ಮನೆ ಬಿತ್ತು, ಕಟ್ಟಿದ ಕೊಟ್ಟಿಗೆ ಹೋಯ್ತು. ಅಪ್ಪನ ಹೆಸರು ಉಳಿದಿರೋದು ಅದೊಂದರಲ್ಲೇ. ತೆಗೆಸೋಕೆ ಕೈ ಬರಲಿಲ್ಲ."

ಭಾಂಡುಪ್ ಹೋಯಿತು, ಮುಲುಂಡ್ ಹೋಯಿತು. ಕುಲಕರ್ಣಿಯವರಿಗೇ ಮಾತು ಹೊಳೆಯಲಿಲ್ಲ ಅಂದರೆ ನೋಡಿ.

"ಫೋನ್ ಮಾಡಿ," ಅಂದರು ಕೊನೆಗೆ. "ಈಗಲೇ ಮಾಡಿ. ಇದಕ್ಕೆ ವೆಬ್‌ಸೈಟ್ ಇಲ್ಲ."

ಶೆಟ್ಟರು ನಂಬರ್ ಒತ್ತಿದರು. ಥಾಣೆ ಸ್ಟೇಷನ್ನಿನ ಗದ್ದಲಕ್ಕೆ ಸ್ಪೀಕರ್ ಹಾಕಿದರು. ಅವರು ಹಲೋ ಅನ್ನುವ ಮೊದಲೇ ಇಡೀ ಡಬ್ಬಿಗೆ ಕೇಳುವ ಹಾಗೆ ತಮ್ಮನ ತುಳು ಬಂತು. ಕನ್ನಡದಲ್ಲಿ ಇಷ್ಟೇ:

"ಒಟಿಪಿ ಕೇಳಬೇಡ, ಕೊಡೋಲ್ಲ!"