‘ಅರೆಸ್ಟ್ ಅಲ್ಲ, ಸುಮ್ನೆ ವಿಚಾರಣೆ’ ಅಂತಾರೆ, ರಾತ್ರಿಯಿಂದ ಬಿಟ್ಟಿಲ್ಲ

ಪ್ರಶ್ನೆ: ಮೇಡಂ, ನಿನ್ನೆ ಸಂಜೆ 7ಕ್ಕೆ ಪೊಲೀಸರು ನನ್ನ ತಮ್ಮನನ್ನು ಅಂಗಡಿಯಿಂದ ಕರೆದುಕೊಂಡು ಹೋದರು. ಬೈಕ್ ಕಳವಿನಲ್ಲಿ ಸಿಕ್ಕಿಬಿದ್ದ ಯಾರೋ ಇವನ ಹೆಸರು ಹೇಳಿದ್ದಾನಂತೆ. ಬೆಳಗಾದರೂ ಠಾಣೆಯಲ್ಲೇ ಕೂರಿಸಿದ್ದಾರೆ, ಫೋನ್ ಕಿತ್ತುಕೊಂಡಿದ್ದಾರೆ. ಕೇಳಿದರೆ ಅರೆಸ್ಟೇ ಆಗಿಲ್ಲ ಅಂತಾರೆ. ಏನು ಮಾಡಲಿ?

ಉತ್ತರ (ವಕೀಲೆ): ಠಾಣೆಗೆ ಹೋಗಿ ಮೆತ್ತಗೆ ಒಂದೇ ಮಾತು ಕೇಳಿ: ‘ಅರೆಸ್ಟ್ ಆಗಿಲ್ಲ ಅಂದ್ರೆ ಈಗ ಮನೆಗೆ ಕರ್ಕೊಂಡು ಹೋಗ್ಲಾ ಸಾರ್?’ ಬೇಡ ಅಂದರೆ ಅದು ಬಂಧನವೇ. ಎದ್ದು ಹೊರಡಲು ಬಿಡದ ‘ವಿಚಾರಣೆ’ ಅಂತ ಬೇರೆ ಏನೂ ಇಲ್ಲ.

ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲು ಬಂದ, ಬಂಧನ-ತನಿಖೆಯ ಕ್ರಮ ಹೇಳುವ ಕಾನೂನು) ಸೆಕ್ಷನ್ 58ರ ಪ್ರಕಾರ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ನಿಮ್ಮ ಲೆಕ್ಕ ನಿನ್ನೆ 7ರಿಂದಲೇ ಶುರು. ಜಾಸ್ತಿ ಮೋಸ ಆಗುವುದೇ ಇಲ್ಲಿ. ರಾತ್ರಿಯಿಡೀ ಕೂರಿಸಿ, ಅರೆಸ್ಟ್ ಮೆಮೊದಲ್ಲಿ (ಬಂಧನದ ದಾಖಲೆ ಪತ್ರ) ಮರುದಿನ ಮಧ್ಯಾಹ್ನದ ಹೊತ್ತು ಬರೆಯುತ್ತಾರೆ. ಮನೆಯವರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಅದಕ್ಕೆ ಬೇಕು. ನಿಮ್ಮನ್ನು ಕರೆದರೆ ಮೊದಲು ಹೊತ್ತು ನೋಡಿ. ತಪ್ಪಿದ್ದರೆ ‘ನಿನ್ನೆ ಸಂಜೆ 7ಕ್ಕೆ ಕರೆತಂದಿದ್ದು’ ಅಂತ ಬರೆದೇ ಸಹಿ ಹಾಕಿ. ಅಂಗಡಿಯಲ್ಲಿ ಕ್ಯಾಮೆರಾ ಇದೆಯಾ? ಆ ದೃಶ್ಯ ಈಗಲೇ ತೆಗೆದಿಡಿ, ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಎಸ್‌ಪಿ ಕಚೇರಿಗೆ ಈಗಲೇ ಒಂದು ಇಮೇಲ್ ಹಾಕಿ, ಹೊತ್ತಿಗೆ ದಾಖಲೆ ಆಗುತ್ತದೆ.

ಕಳವಿನಂಥ, 7 ವರ್ಷದವರೆಗೆ ಶಿಕ್ಷೆ ಇರುವ ಕೇಸಿನಲ್ಲಿ ಸೀದಾ ಎತ್ತಿ ಒಳಗೆ ಹಾಕುವಂತಿಲ್ಲ. ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು, ಇಲ್ಲವೇ ಸೆಕ್ಷನ್ 35(3)ರ ನೋಟಿಸ್ ಕೊಟ್ಟು ಕರೆಯಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನೇ ಹೇಳಿದ್ದು. ವಿಚಾರಣೆ ನಡುವೆ ವಕೀಲರನ್ನು ಕಾಣುವ ಹಕ್ಕೂ ಅವನಿಗಿದೆ. ಒಬ್ಬರನ್ನು ಜೊತೆಗೇ ಕರೆದೊಯ್ಯಿರಿ, ಮಾತಿನ ಧಾಟಿಯೇ ಬದಲಾಗುತ್ತದೆ. ಸಂಜೆ ದಾಟಿದರೂ ಬಿಡದೆ, ಮ್ಯಾಜಿಸ್ಟ್ರೇಟ್ ಮುಂದೂ ನಿಲ್ಲಿಸದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಅರ್ಜಿ ಹಾಕಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ, ಹೊರಡ್ತಿದ್ದೀನಿ. ‘ಏನು ಗೊತ್ತು ಹೇಳಿ’ ಅಂತ ಅಮ್ಮನನ್ನೂ ಠಾಣೆಗೆ ಕರೀತಿದ್ದಾರೆ. 63 ವರ್ಷ, ಬಿಪಿ ಬೇರೆ.

ಉತ್ತರ: ಅವರು ಹೋಗಬೇಕಿಲ್ಲ. ಸಾಕ್ಷಿಯಾಗಿ ಹೇಳಿಕೆ ಬೇಕಿದ್ದರೆ ಪೊಲೀಸರೇ ಮನೆಗೆ ಬರಬೇಕು. ಹೆಂಗಸರಿಗೆ ವಯಸ್ಸು ಎಷ್ಟಿದ್ದರೂ ಹೀಗೇ, ಸೆಕ್ಷನ್ 179.

ಇನ್ನೊಬ್ಬರು: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ 35(3)ರ ನೋಟಿಸ್ ವಾಟ್ಸಾಪ್‌ನಲ್ಲಿ ಬಂದಿದೆ. ನಡೆಯುತ್ತಾ?

ಉತ್ತರ: ಇಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ. ಹಾಗಂತ ಡಿಲೀಟ್ ಮಾಡಿ ಕೂರಬೇಡಿ. ಕೇಸ್ ನಿಜವೇ ಇದ್ದೀತು, ವಕೀಲರ ಮೂಲಕ ಲಿಖಿತ ಉತ್ತರ ಕೊಡಿ. ನೋಟಿಸಿನಂತೆ ನಡೆದುಕೊಂಡವರನ್ನು, ಕಾರಣ ಬರೆಯದೆ ಬಂಧಿಸುವಂತಿಲ್ಲ.