ಸಹಾಯ ಬೇಕು: ಪ್ಲಸ್ ಟು ಸಮಾಜಶಾಸ್ತ್ರಕ್ಕೆ ‘ಜನಾಂಗ’ದ ಕಾರ್ಡುಗಳು

ನಮಸ್ಕಾರ. ಕಾಸರಗೋಡು, ಮಂಜೇಶ್ವರ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ, ಜನಾಂಗ ಅನ್ನುವುದು ಸಮಾಜ ಮಾಡಿಕೊಂಡ ವಿಂಗಡಣೆ ಎಂದು ತೋರಿಸುವ ಒಂದು ಪೀರಿಯಡ್‌ನ ಚಟುವಟಿಕೆ ತಯಾರಾಗುತ್ತಿದೆ.

ಅಮೆರಿಕಕ್ಕೆ ಹೋದ ಒಬ್ಬ ಕಲ್ಪಿತ ಪಂಜಾಬಿ. ಅವನ ಜನಾಂಗವನ್ನು ಅಲ್ಲಿಯ ಜನಗಣತಿಯ ನಿಯಮದಂತೆ ಮಕ್ಕಳೇ ತುಂಬಿಸಬೇಕು. 1930, 1940ರಲ್ಲಿ ‘ಹಿಂದೂ’ (ಸಿಖ್ಖನಾದರೂ ಅದೇ!), 1970ರಲ್ಲಿ ಬಿಳಿಯ, 1980ರಲ್ಲಿ ‘ಏಷ್ಯನ್ ಇಂಡಿಯನ್’. ಜೊತೆಗೆ, ತಾವು ಬಿಳಿಯರೆಂದು ಅಮೆರಿಕದ ಪೌರತ್ವ ಕೇಳಿದ ಇಬ್ಬರ ಎರಡು ತೀರ್ಪಿನ ಕಾರ್ಡು. 1922ರಲ್ಲಿ ಜಪಾನಿನ ಒಜಾವಾ ‘ಕಕೇಶಿಯನ್’ (ಆಗಿನ ವಿದ್ವಾಂಸರ ಒಂದು ಜನಾಂಗ ವರ್ಗ) ಅಲ್ಲ, ಹಾಗಾಗಿ ಬಿಳಿಯನಲ್ಲ ಎಂದ ಸುಪ್ರೀಂ ಕೋರ್ಟ್, 1923ರಲ್ಲಿ ಪಂಜಾಬಿನ ಭಗತ್ ಸಿಂಗ್ ಥಿಂಡ್ ಆ ವರ್ಗಕ್ಕೆ ಸೇರಿದವನೆಂದು ವಾದಿಸಿದಾಗ, ಸಾಮಾನ್ಯ ಜನರ ತಿಳುವಳಿಕೆಯಲ್ಲಿ ಬಿಳಿಯನಲ್ಲ ಅಂದಿತು. ಪಾಠದ ಜೀವ ಇಲ್ಲೇ ಇದೆ.

ತೊಡಕು ಎರಡು ಕಡೆ. “ಬಣ್ಣ ಕಣ್ಣಿಗೆ ಕಾಣ್ತದಲ್ಲ ಸರ್?” ಎಂಬ ಪ್ರಶ್ನೆಗೆ ತಳಿವಿಜ್ಞಾನಿ ಲೆವಾಂಟಿನ್ 1972ರಲ್ಲಿ ಮಾಡಿದ ಲೆಕ್ಕ ಉಂಟು: ಮನುಷ್ಯರ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಜನಸಮುದಾಯದ ಒಳಗೇ ಸಿಗುತ್ತದೆ. ಹೆಚ್ಚು ಕಷ್ಟದ್ದು, “ಹಾಗಾದರೆ ಜನಾಂಗ ಸುಳ್ಳು, ತಾರತಮ್ಯವೂ ಸುಳ್ಳು” ಎಂಬ ತೀರ್ಮಾನ. ಅದಕ್ಕೆ ಪ್ರತಿಯೊಬ್ಬರನ್ನೂ ಜನಾಂಗದ ಪ್ರಕಾರ ದಾಖಲಿಸಿದ ದಕ್ಷಿಣ ಆಫ್ರಿಕದ 1950ರ ಜನಸಂಖ್ಯಾ ನೋಂದಣಿ ಕಾಯ್ದೆಯ ಕಾರ್ಡು ಇಟ್ಟಿದೆ, ಸಾಲುವುದಿಲ್ಲ.

ಬೇಕಾದದ್ದು: 1930ರ ಗಣತಿದಾರರ ಸೂಚನೆಗಳ ಓದಲು ಬರುವ ಸ್ಕ್ಯಾನ್, ಜಾತಿಯನ್ನೂ ಜನಾಂಗವನ್ನೂ ಒಂದೇ ಮಾಡದ ಊರಿನ ಉದಾಹರಣೆ, ಕಪ್ಪು-ಬಿಳುಪು ಜೆರಾಕ್ಸಿಗೆ ಆಗುವ, ಎ4 ಹಾಳೆಯಲ್ಲಿ ನಾಲ್ಕು ಕಾರ್ಡಿನ ವಿನ್ಯಾಸ. ಮೂಗಿನ ಅಳತೆಯಿಂದ ಭಾರತೀಯರನ್ನು ವಿಂಗಡಿಸಹೊರಟ ಬ್ರಿಟಿಷ್ ಅಧಿಕಾರಿ ರಿಸ್ಲೆಯ ಹಾಗೆ ಮಕ್ಕಳ ಮೂಗು ಅಳೆಯುವ ಐಡಿಯಾ ಮಾತ್ರ ದಯವಿಟ್ಟು ಬೇಡ; ತರಗತಿ ತಮಾಷೆಯಾಗಿ, ಕೊನೆಗೆ ಒಬ್ಬನಿಗೆ ಅಡ್ಡಹೆಸರು ಉಳಿಯುತ್ತದೆ.